ಮನೆಯ ಅಗಲ, ಮಸೂರದ ಅಗಲ

ಛಾಯಾಚಿತ್ರದ ಹವ್ಯಾಸವುಳ್ಳವರು ಇಬ್ಬರು ಒಂದೆಡೆ ಸೇರಿದರೆ ಮಸೂರದ ಮಾತು ಬಾರದೆ ಹೋಗುವುದಿಲ್ಲ. ಅಡಿಗೆಯವರಿಬ್ಬರು ಸೇರಿದಾಗ ಒಲೆಯ ಮಾತು ಬರುವ ಹಾಗೆ. ಅದರಲ್ಲಿಯೂ ಅಗಲ ಕೋನದ ಮಸೂರ, ಎಂದರೆ ಜನ ಸಾಮಾನ್ಯವಾಗಿ ‘ವೈಡ್ ಆಂಗಲ್ ಲೆನ್ಸ್’ ಎಂದು ಕರೆಯುವ ವಸ್ತು, ಚರ್ಚೆಗೆ ಬಂದಾಗ ಒಂದು ಉಪದೇಶ ತಪ್ಪದೆ ಕೇಳಿಬರುತ್ತದೆ: ಕೈಗೆ ಎಟಕುವುದರಲ್ಲಿ ಅತ್ಯಂತ ಅಗಲವಾದುದನ್ನೇ ಕೊಂಡುಬಿಡಿ, ಹೆಚ್ಚಾದುದನ್ನು ಕತ್ತರಿಸಬಹುದು, ಕಡಮೆಯಾದುದನ್ನು ಸೇರಿಸಲಾಗದು. ದರ್ಜಿಯ ಈ ನ್ಯಾಯ ಮೇಲುನೋಟಕ್ಕೆ ಒಪ್ಪತಕ್ಕದ್ದೇ ಆಗಿದೆ. ನಾನೂ ಬಹುಕಾಲ ಒಪ್ಪಿದ್ದೆ. ಆದರೆ ಒಂದು ಮನೆಯ ಚಿತ್ರ ತೆಗೆಯಬೇಕಾಗಿ ಬಂದಾಗ ಅದು ನನ್ನನ್ನು ಕೈಬಿಟ್ಟಿತು. ಏಕೆ ಕೈಬಿಟ್ಟಿತು, ಅದರ ಬದಲು ಯಾವ ನ್ಯಾಯವನ್ನು ಹಿಡಿಯಬೇಕೆಂದು ನನಗೆ ತೋರಿತು, ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ನನ್ನ ಹುಟ್ಟೂರು ಹಾಸನ ಜಿಲ್ಲೆಯ ಒಂದು ಹಳ್ಳಿ. ಅಲ್ಲಿ ನಮ್ಮದು ತೊಟ್ಟಿಯ ಮನೆ. ನಡುವೆ ಬಾನಿಗೆ ತೆರೆದ ಹದಿನಾಲ್ಕು ಅಡಿ ಚೌಕದ ತೊಟ್ಟಿ. ಸುತ್ತ ಏಳೇಳು ಅಡಿಯ ಜಗುಲಿ. ಜಗುಲಿಯ ಅಂಚಿನಲ್ಲಿ ಸಾಲಾಗಿ ಹನ್ನೆರಡು ಮರದ ಕಂಬ. ಮೇಲೆ ನಾಡಹೆಂಚಿನ ಇಳಿಜಾರು. ಮಳೆ ಬಂದರೆ ನಾಲ್ಕು ಸೂರಿನ ನೀರೂ ತೊಟ್ಟಿಗೇ ಬಂದು ಬೀಳುತ್ತಿತ್ತು. ನಾವು ಐವರು ಒಡಹುಟ್ಟಿದವರು. ನಾಲ್ವರು ಊರೂರು ಸೇರಿದೆವು. ಎಂಬತ್ತು ದಾಟಿದ ಅಕ್ಕ ಒಬ್ಬಳೇ ಆ ಮನೆಯಲ್ಲಿ ದೀಪ ಹಚ್ಚಿಕೊಂಡು ಇದ್ದಳು. ಮಾಡು ಸೋರತೊಡಗಿತು, ಗೆದ್ದಲು ತೊಲೆಗೆ ಏರಿತು, ಅಕ್ಕನ ಮೊಣಕಾಲು ಮೆಟ್ಟಿಲಿಗೆ ಒಲ್ಲೆನೆಂದಿತು. ೨೦೨೩ರಲ್ಲಿ ಮನೆಯನ್ನು ಮಾರುವುದೆಂದು ನಿಶ್ಚಯವಾಯಿತು. ಕೊಂಡವರು ಅದನ್ನು ಕೆಡವಿ ಹೊಸದಾಗಿ ಕಟ್ಟುವವರು. ಅದರಲ್ಲಿ ಅವರ ತಪ್ಪೇನೂ ಇಲ್ಲ. ನಾವೇ ಇರಲಾರದ ಮನೆಯಲ್ಲಿ ಅವರು ಇರಲಿ ಎನ್ನುವ ಹಕ್ಕು ನಮಗೆಲ್ಲಿಯದು? ಕೆಡವುವ ಮೊದಲು ನಾನು ಮನೆಯ ಚಿತ್ರಗಳನ್ನು ತೆಗೆದು ಐವರಿಗೂ ಒಂದೊಂದು ಆಲ್ಬಮ್ ಮಾಡಿಕೊಡಬೇಕೆಂದು ಮಾತಾಯಿತು. “ಮನೆ ಹೆಂಗಿತ್ತು ಅಂತ ಮೊಮ್ಮಕ್ಕಳು ಕೇಳಿದರೆ ಬಾಯಲ್ಲಿ ಎಷ್ಟು ಅಂತ ಹೇಳೋದು?” ಎಂದಳು ಅಕ್ಕ.

ನಾನು ಅಧ್ಯಾಪಕನಾಗಿದ್ದು ನಿವೃತ್ತನಾದವನು. ಯೌವನದಲ್ಲಿ ನನ್ನ ಬಳಿ ಎರಡು ಕಣ್ಣಿನ ಯಾಶಿಕಾ ಕ್ಯಾಮರಾ ಒಂದಿತ್ತು. ಅದರ ಆರು ಸೆಂಟಿಮೀಟರ್ ಚೌಕದ ನೆಗೆಟಿವಿನಲ್ಲಿ ಗೋಡೆಯ ಗಾರೆ, ಸೀರೆಯ ಎಳೆ ಮೂಡುತ್ತಿದ್ದ ಸೊಗಸನ್ನು ಮರೆತಿರಲಿಲ್ಲ. ಆ ಆಸೆಯಿಂದಲೇ ನಿವೃತ್ತಿಯ ಹಣದಲ್ಲಿ ಒಂದು ಪಾಲನ್ನು ತೆಗೆದು, ಇನ್ನೊಬ್ಬರು ಬಳಸಿ ಮಾರಿದ ಫ್ಯೂಜಿಫಿಲ್ಮ್ ಜಿ.ಎಫ್.ಎಕ್ಸ್. ೫೦ ಎಸ್ ಎಂಬ ಮಧ್ಯಮ ಗಾತ್ರದ ಡಿಜಿಟಲ್ ಕ್ಯಾಮರಾವನ್ನು ಕೊಂಡಿದ್ದೆ. ಇದು ೨೦೧೭ರಲ್ಲಿ ಮಾರುಕಟ್ಟೆಗೆ ಬಂದದ್ದು. ಇದರ ಸೆನ್ಸರ್, ಎಂದರೆ ಫಿಲ್ಮಿನ ಜಾಗದಲ್ಲಿ ಬೆಳಕನ್ನು ಹಿಡಿಯುವ ಫಲಕ, ೪೩.೮ ಮಿ.ಮೀ. ಉದ್ದ, ೩೨.೯ ಮಿ.ಮೀ. ಎತ್ತರ. ಸಾಮಾನ್ಯ ೩೫ ಮಿ.ಮೀ. ಫಿಲ್ಮಿನ ಚೌಕಟ್ಟು ೩೬ಕ್ಕೆ ೨೪. ಲೆಕ್ಕ ಹಾಕಿದರೆ ಇದರ ವಿಸ್ತೀರ್ಣ ಅದಕ್ಕಿಂತ ಒಂದೂ ಮುಕ್ಕಾಲು ಪಾಲಿಗೆ ತುಸು ಕಡಮೆ. ನನ್ನ ಹಳೆಯ ಯಾಶಿಕಾದ ಚೌಕದ ಮುಂದೆ ಇದು ಚಿಕ್ಕದೇ. ಆದರೂ ಐದು ಕೋಟಿಗೂ ಮಿಕ್ಕ ಬಿಂದುಗಳು ಅದರಲ್ಲಿವೆ. ಮಣ್ಣಿನ ಗೋಡೆಯ ಮೇಲೆ ಕೈ ಸವರಿದ ಗುರುತು ಕೂಡ ಚಿತ್ರದಲ್ಲಿ ಉಳಿಯುತ್ತದೆ.

ಕ್ಯಾಮರಾದೊಡನೆ ನನ್ನ ಬಳಿ ಇದ್ದುದು ೬೩ ಮಿ.ಮೀ. ಮಸೂರವೊಂದೇ. ಅದು ಮನುಷ್ಯರ ಮುಖಕ್ಕೆ, ಹೊಲದ ಬದುವಿಗೆ ಸಾಕು. ಮನೆಯ ಒಳಗೆ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಎರಡು ಕಂಬ, ಒಂದು ಬಾಗಿಲಿಗೆ ಅದರ ನೋಟ ಮುಗಿದುಹೋಗುತ್ತದೆ. ಅಗಲ ಕೋನದ ಮಸೂರ ಒಂದು ಬೇಕೇ ಬೇಕಾಯಿತು. ಹೊಸದು ಒಂದಕ್ಕೆ ಲಕ್ಷ ರೂಪಾಯಿ ದಾಟುತ್ತದೆ. ಎರಡನ್ನು ಕೊಳ್ಳುವ ಶಕ್ತಿ ನನಗಿರಲಿಲ್ಲ. ಆದುದರಿಂದ ಆಯ್ಕೆ ತಪ್ಪಿದರೆ ತಿದ್ದಿಕೊಳ್ಳುವ ಅವಕಾಶವೂ ಇರಲಿಲ್ಲ. ಮನೆಯಂತೂ ನನಗಾಗಿ ಕಾಯುವಂತಿರಲಿಲ್ಲ.

ಈ ಕ್ಯಾಮರಾಕ್ಕೆ ಅದೇ ಸಂಸ್ಥೆ ಮಾಡಿರುವ ಅಗಲ ಮಸೂರಗಳನ್ನು ಮೊದಲು ಎಣಿಸಿ ನೋಡೋಣ. ೨೦೧೭ರಲ್ಲಿ ಬಂದ ೨೩ ಮಿ.ಮೀ. ಒಂದು. ೩೫ ಮಿ.ಮೀ. ಫಿಲ್ಮಿನ ಭಾಷೆಯಲ್ಲಿ ಇದು ೧೮ಕ್ಕೆ ಸಮ. ಮೂಲೆಯಿಂದ ಮೂಲೆಗೆ ಸುಮಾರು ೧೦೦ ಡಿಗ್ರಿಯ ನೋಟ. ತೂಕ ೮೪೫ ಗ್ರಾಂ. ೨೦೨೦ರ ೩೦ ಮಿ.ಮೀ. ಇನ್ನೊಂದು, ಹಳೆಯ ಭಾಷೆಯಲ್ಲಿ ೨೪, ನೋಟ ಸುಮಾರು ೮೫ ಡಿಗ್ರಿ, ತೂಕ ೫೧೦ ಗ್ರಾಂ. ೨೦೧೭ರ ೪೫ ಮಿ.ಮೀ. ಮತ್ತೊಂದು, ಹಳೆಯ ಭಾಷೆಯಲ್ಲಿ ೩೬, ನೋಟ ಸುಮಾರು ೬೩ ಡಿಗ್ರಿ, ತೂಕ ೪೯೦ ಗ್ರಾಂ. ಇವಲ್ಲದೆ ಬಳೆ ತಿರುಗಿಸಿದರೆ ನೋಟ ಹಿಗ್ಗಿ ಕುಗ್ಗುವ ೩೨-೬೪ ಮತ್ತು ೨೦೨೨ರಲ್ಲಿ ಬಂದ ೨೦-೩೫ ಎಂಬ ಎರಡು ಜೂಮ್ ಮಸೂರಗಳಿವೆ. ಇವೆಲ್ಲ ಒಳ್ಳೆಯವೇ. ಇವುಗಳಲ್ಲಿ ಯಾವುದು ಮೂಲೆಯಲ್ಲಿ ಹೆಚ್ಚು ಸ್ಫುಟ, ಯಾವುದರ ಗಾಜಿಗೆ ಯಾವ ಲೇಪ ಎಂಬ ವಾದಕ್ಕೆ ಕೊನೆಯಿಲ್ಲ. ಒಂದು ಮಸೂರದಿಂದ ಇನ್ನೊಂದಕ್ಕಿರುವ ಆ ವ್ಯತ್ಯಾಸವನ್ನು ನನ್ನ ಅಕ್ಕ ಕನ್ನಡಕ ಹಾಕಿಕೊಂಡರೂ ಕಾಣಳು. ಅವಳು ಕಂಡದ್ದು ಬೇರೊಂದು ವ್ಯತ್ಯಾಸವನ್ನು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಮದುವೆ ಮುಂಜಿಗಳ ಚಿತ್ರ ತೆಗೆಯುವ ವೃತ್ತಿಯಲ್ಲಿದ್ದಾನೆ. ವಿಷಯ ಕೇಳಿದವನೇ, “ಸಾರ್, ಕಣ್ಣು ಮುಚ್ಚಿಕೊಂಡು ಇಪ್ಪತ್ತಮೂರು ತೊಗೊಳ್ಳಿ. ಬೇಡದ್ದನ್ನ ಆಮೇಲೆ ಕತ್ತರಿಸಿದರಾಯ್ತು” ಎಂದು ತನ್ನದನ್ನೇ ಹದಿನೈದು ದಿನದ ಮಟ್ಟಿಗೆ ಕೈಗಿತ್ತ. ನಾನು ಊರಿಗೆ ಹೋಗಿ, ತೊಟ್ಟಿಯ ಕಡೆಗೆ ಮುಖ ಮಾಡಿ, ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿದೆ. ಆ ಮಸೂರದಲ್ಲಿ ಮೊದಲು ಕಣ್ಣಿಟ್ಟಾಗ ಆದ ಸಂತೋಷವನ್ನು ಬಚ್ಚಿಡಬೇಕಾಗಿಲ್ಲ. ಇಡೀ ಮನೆ ಒಂದೇ ಸಲಕ್ಕೆ ಎದ್ದು ಬಂದಂತಾಯಿತು. ಜಗುಲಿ ಓಡಿತು, ತೊಟ್ಟಿ ಹರಡಿತು, ಕಂಬಗಳು ದೇವಾಲಯದ ಕಂಬಗಳಾದವು. ಅಕ್ಕ ಎಂದಿನಂತೆ ಕಂಬದ ಪಕ್ಕಕ್ಕೆ ಕುಳಿತು ಹುಣಿಸೆಹಣ್ಣು ಬಿಡಿಸುತ್ತಿದ್ದಳು. ಅವಳೂ ಚಿತ್ರದ ಅಂಚಿಗೆ ಬಂದಳು. ಎಂಟು ಹತ್ತು ಚಿತ್ರಗಳನ್ನು ತೆಗೆದು, ಹಾಸನಕ್ಕೆ ಹೋಗಿ ದೊಡ್ಡದಾಗಿ ಅಚ್ಚು ಹಾಕಿಸಿ ತಂದು ಅವಳ ಮುಂದಿಟ್ಟೆ.

ಅಕ್ಕ ಬಹಳ ಹೊತ್ತು ನೋಡಿದಳು. “ಚೆನ್ನಾಗಿದೆ ಕಣೋ. ಯಾರ ಮನೆ ಇದು?” ಎಂದಳು.

ತಮಾಷೆಗೆ ಹೇಳಿದಳೆಂದುಕೊಂಡೆ. ಅಲ್ಲ. ಅವಳ ಬೆರಳು ತೊಟ್ಟಿಯ ಆಚೆಯ ಜಗುಲಿಯ ಮೇಲಿತ್ತು. “ಅಪ್ಪ ಅಲ್ಲಿ ಕೂತು ಮೆಲ್ಲಗೆ ಕೆಮ್ಮಿದರೂ ನನಗೆ ಇಲ್ಲಿ ಕೇಳಿಸ್ತಿತ್ತು. ಇದರಲ್ಲಿ ನೋಡಿದರೆ ಕೂಗಿದರೂ ಕೇಳೋ ಹಾಗಿಲ್ಲ. ಇದು ಯಾವುದೋ ಅರಮನೆ. ಮತ್ತೆ ನನ್ನ ಕೈ ಯಾಕೆ ಹೀಗೆ ಸೌಟಿನ ಹಾಗಾಗಿದೆ?”

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಡೀ ಮನೆಯನ್ನು ಹಿಡಿದಿದ್ದೆ. ಮನೆಯ ಚಿಕ್ಕತನವನ್ನು ಬಿಟ್ಟಿದ್ದೆ. ಆ ಚಿಕ್ಕತನವೇ ನಮ್ಮ ಮನೆಯಾಗಿತ್ತು. ಐದು ಮಕ್ಕಳು, ತಂದೆ ತಾಯಿ, ಅಜ್ಜಿ, ಒಬ್ಬರ ಉಸಿರು ಒಬ್ಬರಿಗೆ ತಾಗುವಷ್ಟು ಹತ್ತಿರದಲ್ಲಿ ಬದುಕಿದ ಜಾಗ ಅದು. ಅದನ್ನು ಅರಮನೆ ಮಾಡಿ ಮೊಮ್ಮಕ್ಕಳ ಕೈಗೆ ಕೊಟ್ಟರೆ ಅವರು ಹೆಮ್ಮೆಪಟ್ಟಾರು. ಆದರೆ ಅವರಿಗೆ ಕೊಟ್ಟದ್ದು ಸುಳ್ಳಾದೀತು. ಮನೆ ಮಾರುವವರ ಜಾಹೀರಾತಿನಲ್ಲಿ ಹತ್ತಡಿಯ ಕೋಣೆ ಸಭಾಂಗಣದಂತೆ ಕಾಣುವುದನ್ನು ನೋಡಿ ನಾವು ನಗುತ್ತೇವೆ. ನಾನು ಮಾಡಿದ್ದೂ ಅದನ್ನೇ. ಮಾರಿದ ಮೇಲೆ ಮಾಡಿದೆ ಎಂಬುದಷ್ಟೇ ಭೇದ.

ತಪ್ಪು ಯಾರದು? ಮಸೂರದ್ದೆಂದು ಹೇಳುವುದು ಸುಲಭ. ಆದರೆ ವಿಚಾರಿಸಿ ನೋಡಿದರೆ ಹಾಗಲ್ಲ. ಹತ್ತಿರದ ವಸ್ತು ದೂರದ ವಸ್ತುವಿಗಿಂತ ಎಷ್ಟು ಪಾಲು ದೊಡ್ಡದಾಗಿ ಕಾಣಬೇಕೆಂಬುದನ್ನು ನಿರ್ಧರಿಸುವುದು ಮಸೂರವಲ್ಲ. ನಾವು ನಿಂತ ಜಾಗ. ನಾನು ಕಂಬದ ಸಾಲಿಗೆ ನಾಲ್ಕು ಅಡಿ ಹಿಂದೆ ನಿಂತಿದ್ದೆ. ಎದುರು ಸಾಲಿನ ಕಂಬ ಅಲ್ಲಿಂದ ಹದಿನೆಂಟು ಅಡಿ. ಆದುದರಿಂದ ಈಚೆಯ ಕಂಬ ಆಚೆಯದಕ್ಕಿಂತ ನಾಲ್ಕೂವರೆ ಪಾಲು ಎತ್ತರವಾಗಿ ಕಾಣಿಸಿತು. ಅದೇ ನಾನು ಮೂರು ಅಡಿ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟಿದ್ದರೆ ದೂರಗಳು ಏಳು ಮತ್ತು ಇಪ್ಪತ್ತೊಂದು ಅಡಿಗಳಾಗಿ, ಪ್ರಮಾಣ ಮೂರು ಪಾಲಿಗೆ ಇಳಿಯುತ್ತಿತ್ತು. ಮೂರೇ ಅಡಿಗಳಲ್ಲಿ ಅಷ್ಟು ವ್ಯತ್ಯಾಸ! ಯಾವ ಮಸೂರ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ. ೨೩ರಲ್ಲಿ ತೆಗೆದ ಚಿತ್ರದ ನಡುಭಾಗವನ್ನು ಕತ್ತರಿಸಿದರೆ, ಅದೇ ಜಾಗದಲ್ಲಿ ನಿಂತು ೩೦ರಲ್ಲಿ ತೆಗೆದ ಚಿತ್ರವೇ ಸಿಕ್ಕುತ್ತದೆ. ಬಿಂದುಗಳು ಮಾತ್ರ ಐದು ಕೋಟಿಯಿಂದ ಸುಮಾರು ಮೂರು ಕೋಟಿಗೆ ಇಳಿದಿರುತ್ತವೆ.

ಹಾಗಾದರೆ ನನ್ನ ವಿದ್ಯಾರ್ಥಿಯ ಮಾತು ಸರಿಯೇ ಆಯಿತಲ್ಲ ಎಂದು ವಾಚಕರು ಕೇಳಬಹುದು. ಗಣಿತದಲ್ಲಿ ಸರಿ, ಮನುಷ್ಯನ ಸ್ವಭಾವದಲ್ಲಿ ತಪ್ಪು. ಗೋಡೆಗೆ ಬೆನ್ನು ಕೊಡುವಷ್ಟು ಹಿಂದಕ್ಕೆ ನಾನೇಕೆ ಹೋಗಲಿಲ್ಲ? ಹೋಗುವ ಅಗತ್ಯವನ್ನು ಮಸೂರ ಕಾಣಿಸಲಿಲ್ಲ. ನಾಲ್ಕು ಅಡಿಯಲ್ಲಿಯೇ ಎಲ್ಲವೂ ಹಿಡಿಸಿತು. ಇನ್ನೂ ಮುಂದೆ ಹೋದರೆ ಇನ್ನೂ ಭವ್ಯವಾಗಿ ಕಂಡಿತು. ಅಗಲ ಮಸೂರ ಹಿಡಿದವನ ಕಾಲು ತನಗೆ ತಿಳಿಯದಂತೆ ಮುಂದೆ ಮುಂದೆ ಹೋಗುತ್ತದೆ. ಆಮೇಲೆ ಮೇಜಿನ ಮುಂದೆ ಕುಳಿತು ಅಂಚನ್ನು ಕತ್ತರಿಸಬಹುದು. ಇಟ್ಟ ಹೆಜ್ಜೆಯನ್ನು ಕತ್ತರಿಸಲಾಗುವುದಿಲ್ಲ. ಆದುದರಿಂದ ಮಸೂರವನ್ನು ಆರಿಸುವವನು ನಿಜವಾಗಿ ಆರಿಸುತ್ತಿರುವುದು ತಾನು ನಿಲ್ಲುವ ಜಾಗವನ್ನು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ.

ಈ ಮಾತಿಗೆ ನಮ್ಮ ನಾಡಿನಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. ೧೮೫೬ರಲ್ಲಿ ಅಲೆಗ್ಜಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ ಹಂಪೆಗೆ ಹೋಗಿ, ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಅಲ್ಲಿಯ ಗುಡಿಗೋಪುರಗಳ ಚಿತ್ರ ತೆಗೆದ. ಒಂದು ಶತಮಾನಕ್ಕೂ ಮಿಕ್ಕ ಕಾಲ ಕಳೆದ ಮೇಲೆ, ೧೯೮೩ರಲ್ಲಿ, ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಅದೇ ದೃಶ್ಯಗಳನ್ನು ಮತ್ತೆ ತೆಗೆದರು. ಇಬ್ಬರ ಕ್ಯಾಮರಾ ಬೇರೆ, ಮಸೂರ ಬೇರೆ, ಬೆಳಕು ಹಿಡಿಯುವ ವಸ್ತುವೂ ಬೇರೆ. ಇಷ್ಟೆಲ್ಲ ಬೇರೆಯಾದರೂ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಸಾಧ್ಯ. ಏಕೆಂದರೆ ಗ್ರೀನ್‌ಲಾ ನಿಂತ ಜಾಗದಲ್ಲಿ ಗಾಲಿಂಗ್ಸ್ ನಿಂತರು. ಜಾಗವೊಂದು ತಪ್ಪಿದ್ದರೆ ಕಂಬಕ್ಕೂ ಕಂಬದ ಹಿಂದಿನ ಬೆಟ್ಟಕ್ಕೂ ಇರುವ ಸಂಬಂಧ ತಪ್ಪುತ್ತಿತ್ತು; ಜಗತ್ತಿನ ಅತ್ಯುತ್ತಮ ಮಸೂರವೂ ಅದನ್ನು ಸರಿಪಡಿಸಲಾರದಾಗಿತ್ತು.

ಇನ್ನು ಅಕ್ಕನ ಎರಡನೆಯ ಪ್ರಶ್ನೆ: ಕೈ ಸೌಟಿನಂತೆ ಏಕಾಯಿತು? ನೇರ ಗೆರೆಗಳನ್ನು ನೇರವಾಗಿಯೇ ಉಳಿಸುವ ಮಸೂರ ಅದಕ್ಕೆ ಬೆಲೆ ತೆರಲೇಬೇಕು. ತೊಲೆ, ಕಂಬ, ಬಾಗಿಲುವಾಡ ಬಾಗದಂತೆ ಕಾಣಬೇಕಾದರೆ ಅಂಚಿನಲ್ಲಿರುವ ದುಂಡು ವಸ್ತುಗಳು ಹೊರಮುಖವಾಗಿ ಹಿಗ್ಗುತ್ತವೆ. ಇದು ತಯಾರಿಕೆಯ ದೋಷವಲ್ಲ, ರೇಖಾಗಣಿತ. ೨೩ರ ತೀರ ಮೂಲೆಯಲ್ಲಿ ಈ ಹಿಗ್ಗುವಿಕೆ ಒಂದೂವರೆ ಪಾಲನ್ನು ಮೀರುತ್ತದೆ. ಅಕ್ಕ ಕುಳಿತ ಕಡೆ ಮೂರನೆಯ ಒಂದು ಪಾಲಿನಷ್ಟು ಇತ್ತು. ೩೦ರ ತುತ್ತತುದಿಯ ಮೂಲೆಯಲ್ಲಿ ಮಾತ್ರ ಅಷ್ಟು ಆಗುತ್ತದೆ. ೪೫ರ ಮೂಲೆಯಲ್ಲಿ ಆರನೆಯ ಒಂದು ಪಾಲಿಗೆ ಇಳಿಯುತ್ತದೆ. ಬಂಡೆಯಾದರೆ, ಮೋಡವಾದರೆ ಒಂದಿಷ್ಟು ಹಿಗ್ಗಿದರೂ ಯಾರೂ ಕೇಳುವುದಿಲ್ಲ. ಅವುಗಳ ನಿಜವಾದ ಆಕಾರ ಯಾರಿಗೆ ತಾನೆ ಗೊತ್ತು? ಮನುಷ್ಯರ ಮುಖ, ಕೈ, ನೀರಿನ ಬಿಂದಿಗೆ ಹಾಗಲ್ಲ. ಅವನ್ನು ನಮ್ಮ ಕಣ್ಣು ಕಂಠಪಾಠ ಮಾಡಿಕೊಂಡಿರುತ್ತದೆ.

ಅಗಲಕ್ಕೆ ಬೆಲೆ ತೆರಬೇಕೆಂಬ ಸತ್ಯ ಹಳೆಯದು. ೧೯೦೦ರಲ್ಲಿ ಜರ್ಮನಿಯ ಗೋರ್ಟ್ಸ್ ಸಂಸ್ಥೆ ಹೈಪರ್‌ಗಾನ್ ಎಂಬ ಮಸೂರವನ್ನು ಹೊರಡಿಸಿತು. ನೋಟ ೧೩೫ ಡಿಗ್ರಿಗಳಷ್ಟು. ಆದರೆ ಅದರಲ್ಲಿ ಅಂಚಿಗೆ ತಲಪುವ ಬೆಳಕು ನಡುವಿನದಕ್ಕಿಂತ ಬಹಳ ಕಡಮೆ. ಅದಕ್ಕಾಗಿ ಮಸೂರದ ಮುಂದೆ ನಕ್ಷತ್ರದಾಕಾರದ ಪುಟ್ಟ ಚಕ್ರವೊಂದನ್ನು ಗಾಳಿಯೂದಿ ತಿರುಗಿಸಿ, ನಡುವಿನ ಬೆಳಕನ್ನು ಬೇಕೆಂದೇ ತಡೆದು, ಅಂಚಿಗೆ ಸರಿದೂಗಿಸುತ್ತಿದ್ದರು. ಕನ್ನಡಿಯುಳ್ಳ ಕ್ಯಾಮರಾಗಳು ಬಂದ ಮೇಲೆ ಮತ್ತೊಂದು ತೊಡಕು: ಕನ್ನಡಿ ಏಳಲು ಜಾಗ ಬೇಕಾದುದರಿಂದ ಮಸೂರವನ್ನು ಫಿಲ್ಮಿನ ಹತ್ತಿರಕ್ಕೆ ತರುವಂತಿಲ್ಲ. ೧೯೫೦ರಲ್ಲಿ ಫ್ರಾನ್ಸಿನ ಪಿಯೆರ್ ಆಂಜೆನ್ಯೂ ಮುಂದೆ ಚದರಿಸುವ ಗಾಜನ್ನಿಟ್ಟು ಈ ತೊಡಕನ್ನು ದಾಟಿದ. ೧೯೫೪ರಲ್ಲಿ ಹ್ಯಾಸಲ್‌ಬ್ಲಾಡ್ ಸಂಸ್ಥೆಯವರು ಕನ್ನಡಿಯನ್ನೇ ಕಿತ್ತು ಹಾಕಿ, ೩೮ ಮಿ.ಮೀ. ಬಯೋಗಾನ್ ಮಸೂರಕ್ಕಾಗಿಯೇ ಒಂದು ಮಧ್ಯಮ ಗಾತ್ರದ ಕ್ಯಾಮರಾವನ್ನು ಕಟ್ಟಿದರು. ಇಂದಿನ ನನ್ನ ಕ್ಯಾಮರಾದಲ್ಲಿಯೂ ಕನ್ನಡಿ ಇಲ್ಲ. ಬೆಳಕಿನ ತೊಡಕು, ಬಾಗುವಿಕೆಯ ತೊಡಕು ಬಹುಮಟ್ಟಿಗೆ ನೀಗಿವೆ. ನಿಲ್ಲುವ ಜಾಗದ ತೊಡಕು ಮಾತ್ರ ಯಾವ ಕಾರ್ಖಾನೆಯಲ್ಲಿಯೂ ನೀಗತಕ್ಕದ್ದಲ್ಲ.

ಹಾಗಾದರೆ ಎಷ್ಟು ಅಗಲ ಸಾಕು? ಇದಕ್ಕೂ ನಾನು ಲೆಕ್ಕವನ್ನೇ ಶರಣು ಹೋದೆ. ಲೆಕ್ಕ ಎರಡು ಬಗೆಯದು. ಒಂದು ಮನೆಯದು, ಇನ್ನೊಂದು ನೋಡುವವರದು.

ಮನೆಯ ಲೆಕ್ಕ ಸರಳ. ಎದುರು ಗೋಡೆಯ ದೂರವನ್ನು ೪೩.೮ರಿಂದ ಗುಣಿಸಿ ಮಸೂರದ ಸಂಗಮದೂರದಿಂದ ಭಾಗಿಸಿದರೆ, ಆ ದೂರದಲ್ಲಿ ಎಷ್ಟು ಅಗಲ ಹಿಡಿಸುತ್ತದೆಂಬುದು ಸಿಕ್ಕುತ್ತದೆ. ನಮ್ಮ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಇಪ್ಪತ್ತೆಂಟು ಅಡಿ. ೪೫ ಹಾಕಿದರೆ ಇಪ್ಪತ್ತೇಳು ಅಡಿ ಹಿಡಿಸುತ್ತದೆ. ಎಂದರೆ ಎದುರು ಗೋಡೆಯೊಂದೇ. ಪಕ್ಕದ ಗೋಡೆಗಳು ಕಾಣುವುದೇ ಇಲ್ಲ. ಸುತ್ತುವರಿದ ಮನೆ ಎಂಬ ಭಾವ ಬರುವುದಿಲ್ಲ. ೩೦ ಹಾಕಿದರೆ ನಲವತ್ತೊಂದು ಅಡಿ. ಎದುರು ಗೋಡೆಯೊಡನೆ ಎರಡೂ ಪಕ್ಕದ ಗೋಡೆಗಳ ಕೊನೆಯ ಎಂಟೊಂಬತ್ತು ಅಡಿ ಒಳಗೆ ಬರುತ್ತವೆ. ೨೩ ಹಾಕಿದರೆ ಐವತ್ತಮೂರು ಅಡಿ. ಪಕ್ಕದ ಗೋಡೆಗಳಲ್ಲಿ ಹತ್ತಿರ ಹತ್ತಿರ ಅರ್ಧ ಬರುತ್ತವೆ.

ನೋಡುವವರ ಲೆಕ್ಕ ಇನ್ನೂ ಮುಖ್ಯ. ಅದನ್ನು ಮಸೂರ ಕೊಳ್ಳುವವರು ಸಾಮಾನ್ಯವಾಗಿ ಮಾಡುವುದೇ ಇಲ್ಲ. ಕಿಟಕಿಯ ಗಾಜಿನ ಮೂಲಕ ಒಂದು ಕಣ್ಣಿನಿಂದ ಬೀದಿಯನ್ನು ನೋಡಿ, ಕಂಡದ್ದನ್ನು ಗಾಜಿನ ಮೇಲೆಯೇ ಗೆರೆ ಎಳೆದಿರಿ ಎಂದುಕೊಳ್ಳಿ. ಕಣ್ಣು ಅದೇ ದೂರದಲ್ಲಿ ಇರುವಷ್ಟು ಹೊತ್ತು ಗೆರೆಯೂ ಬೀದಿಯೂ ಒಂದರ ಮೇಲೊಂದು ಕೂಡುತ್ತವೆ. ಕಣ್ಣನ್ನು ಹಿಂದಕ್ಕೆ ಎಳೆದರೆ ಗೆರೆಗಳು ವಿಕಾರವಾಗಿ ಕಾಣತೊಡಗುತ್ತವೆ. ಛಾಯಾಚಿತ್ರವೂ ಅಂಥ ಗಾಜೇ. ಅದನ್ನು ನೋಡಬೇಕಾದ ದೂರ, ಮಸೂರದ ಸಂಗಮದೂರವನ್ನು ಚಿತ್ರವನ್ನು ಹಿಗ್ಗಿಸಿದಷ್ಟು ಪಾಲು ಹಿಗ್ಗಿಸಿದರೆ ಬರುತ್ತದೆ. ನನ್ನ ಆಲ್ಬಮಿನ ಹಾಳೆ ಸೆನ್ಸರಿನ ಹತ್ತು ಪಾಲು. ಎಂದರೆ ಸುಮಾರು ೪೪ ಸೆಂಟಿಮೀಟರ್ ಅಗಲ. ೨೩ರ ಚಿತ್ರವನ್ನು ೨೩ ಸೆಂಟಿಮೀಟರ್, ಒಂಬತ್ತು ಅಂಗುಲ, ದೂರದಿಂದ ನೋಡಬೇಕು. ಅಷ್ಟು ಹತ್ತಿರಕ್ಕೆ ಮೂಗು ತಂದು ಯಾರು ಆಲ್ಬಮ್ ನೋಡುತ್ತಾರೆ? ವಯಸ್ಸಾದ ಕಣ್ಣಿಗೆ ಅಲ್ಲಿ ಏನೂ ಕಾಣುವುದೂ ಇಲ್ಲ. ೪೫ರದನ್ನು ಒಂದೂವರೆ ಅಡಿಯಿಂದ ನೋಡಬೇಕು. ೩೦ರದನ್ನು ೩೦ ಸೆಂಟಿಮೀಟರಿನಿಂದ. ಸರಿಯಾಗಿ ಒಂದು ಅಡಿ. ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ತುಸು ಬಾಗಿ ಓದುವವರ ದೂರ ಅದು. ಅಕ್ಕ ಭಾರತ ಓದುತ್ತಿದ್ದ ದೂರವೂ ಅದೇ.

ಅಂತೂ ನಾನು ೩೦ ಮಿ.ಮೀ. ಮಸೂರವನ್ನು ಕೊಂಡೆ. ಗೋಡೆಗೆ ಬೆನ್ನು ಹಚ್ಚಿ ನಿಂತೆ. ಈ ಸಲ ಮುಂದೆ ಹೋಗಬೇಕೆಂಬ ಆಸೆ ಹುಟ್ಟಲಿಲ್ಲ. ಹಿಂದೆ ಹೋಗಲು ಇನ್ನೊಂದು ಅಡಿ ಇದ್ದರೆ ಎನಿಸಿತು. ಅದೇ ಒಳ್ಳೆಯ ಲಕ್ಷಣವೆಂದು ನನಗೆ ತೋರುತ್ತದೆ. ಆ ಕೊರತೆ ನನಗೆ ಹೊಸದಲ್ಲ. ಆ ಮನೆಯಲ್ಲಿ ಬೆಳೆದವರೆಲ್ಲರಿಗೂ ಅದು ಇದ್ದುದೇ.

ಕಳೆದುಕೊಂಡದ್ದೂ ಉಂಟು, ಮುಚ್ಚಿಡಲಾರೆ. ತಲೆಬಾಗಿಲು, ತುಳಸಿಕಟ್ಟೆ, ದೇವರ ಕೋಣೆ ಮೂರೂ ಒಂದೇ ಚಿತ್ರದಲ್ಲಿ ೩೦ಕ್ಕೆ ಸಿಕ್ಕಲಿಲ್ಲ. ಎರಡು ಚಿತ್ರ ತೆಗೆಯಬೇಕಾಯಿತು. ಮೊದಲು ಬೇಸರವಾಯಿತು. ಆಮೇಲೆ ಯೋಚಿಸಿದೆ: ಆ ಮೂರನ್ನೂ ಒಂದೇ ನೋಟಕ್ಕೆ ನಾವು ಎಂದಾದರೂ ಕಂಡದ್ದುಂಟೆ? ತಲೆಬಾಗಿಲಲ್ಲಿ ಕಾಲು ತೊಳೆದವರು ಕತ್ತು ತಿರುಗಿಸಿಯೇ ದೇವರ ಕೋಣೆಯನ್ನು ಕಾಣುತ್ತಿದ್ದೆವು.

ಕಂಬಗಳ ನಿಲುವಿನ ಮಾತನ್ನೂ ಇಲ್ಲಿ ಸೇರಿಸಬೇಕು. ಸೂರಿನ ಜಂತೆ ಕಾಣಲೆಂದು ಕ್ಯಾಮರಾವನ್ನು ತುಸು ಮೇಲಕ್ಕೆ ಎತ್ತಿದರೆ ಸಾಕು, ಕಂಬಗಳೆಲ್ಲ ಹಿಂದಕ್ಕೆ ಒರಗಿ, ಮನೆ ಆಗಲೇ ಬೀಳುತ್ತಿರುವಂತೆ ಕಾಣುತ್ತದೆ. ಇದಕ್ಕೆ ಮದ್ದಾಗಿ ೨೦೨೩ರಲ್ಲಿ ಅದೇ ಸಂಸ್ಥೆ ೩೦ ಮಿ.ಮೀ.ನದೇ ಇನ್ನೊಂದು ಮಸೂರವನ್ನು ಪ್ರಕಟಿಸಿತು. ಅದನ್ನು ಕ್ಯಾಮರಾದ ಮೇಲೆಯೇ ೧೫ ಮಿ.ಮೀ. ವರೆಗೆ ಮೇಲಕ್ಕೆ ಜಾರಿಸಬಹುದು. ಕ್ಯಾಮರಾ ನೇರವಾಗಿಯೇ ನಿಂತಿರುತ್ತದೆ. ಕಟ್ಟಡಗಳ ಚಿತ್ರವನ್ನೇ ವೃತ್ತಿ ಮಾಡಿಕೊಂಡವರಿಗೆ ಅದು ದೊಡ್ಡ ಉಪಕಾರ. ಒಂದೂಕಾಲು ಕಿಲೋಗ್ರಾಮಿಗೂ ಮಿಕ್ಕ ಆ ಗಾಜು ನನ್ನ ಹೆಗಲಿಗೂ ಕಿಸೆಗೂ ಮೀರಿದ್ದು. ನಾನು ಬಡವರ ಉಪಾಯ ಹಿಡಿದೆ: ಕ್ಯಾಮರಾವನ್ನು ಉದ್ದುದ್ದ ನಿಲ್ಲಿಸಿ, ಮಟ್ಟ ನೋಡಿ, ಕೆಳಗೆ ಬಂದ ಹೆಚ್ಚಿನ ನೆಲವನ್ನು ಆಮೇಲೆ ಕತ್ತರಿಸಿದೆ. ಐದು ಕೋಟಿ ಬಿಂದುಗಳಿರುವುದು ಇಂಥ ಕೆಲಸಕ್ಕೆ. ಕತ್ತರಿಸುವ ನ್ಯಾಯಕ್ಕೆ ನಾನು ವಿರೋಧಿಯಲ್ಲವೆಂಬುದು ಇದರಿಂದ ವಾಚಕರಿಗೆ ವಿದಿತವಾಗಬಹುದು. ನಿಲ್ಲುವ ಜಾಗವನ್ನು ಮೊದಲು ಗೊತ್ತುಮಾಡಿಕೊಂಡು ಆಮೇಲೆ ಕತ್ತರಿಸುವುದು ಬೇರೆ. ಹೇಗೂ ಕತ್ತರಿಸಬಹುದೆಂದು ಎಲ್ಲಿಯೋ ನಿಲ್ಲುವುದು ಬೇರೆ.

೨೩ ಮಿ.ಮೀ. ಮಸೂರವನ್ನು ನಾನು ಹಳಿಯುತ್ತಿದ್ದೇನೆಂದು ಯಾರೂ ಭಾವಿಸಬಾರದು. ಹಿಂದೆ ಸರಿಯಲು ಅಡಿಯೂ ಇಲ್ಲದ ಗರ್ಭಗೃಹದ ಮುಂದೆ, ತಲೆಯ ಮೇಲಿನ ಭುವನೇಶ್ವರಿಯ ಕೆತ್ತನೆಯನ್ನು ಇಡಿಯಾಗಿ ತೋರಿಸಬೇಕಾದಲ್ಲಿ, ಬಯಲ ಬಂಡೆಯೊಂದರ ಬುಡಕ್ಕೆ ಕುಳಿತು ಅದರ ಹಿಂದಿನ ಆಕಾಶವನ್ನೆಲ್ಲ ಕರೆಯಬೇಕಾದಲ್ಲಿ ಅದಕ್ಕೆ ಸಾಟಿಯಿಲ್ಲ. ನನ್ನ ವಿದ್ಯಾರ್ಥಿಗೆ ಮದುವೆಯ ಮಂಟಪ ದೊಡ್ಡದಾಗಿ ಕಂಡರೆ ಗಂಡಿನವರೂ ಹೆಣ್ಣಿನವರೂ ಸಂತೋಷಪಡುತ್ತಾರೆ. ಅವನ ಆಯ್ಕೆ ಅವನಿಗೆ ಸರಿ. ತಿರುಗಾಟಕ್ಕೆ ಹೋಗುವವರು ೨೦-೩೫ರ ಜೂಮ್ ಒಂದನ್ನು ಹಿಡಿದರೆ ೨೩ಕ್ಕಿಂತ ಹಗುರವಾದ ಹೊರೆಯಲ್ಲಿ ಹೆಚ್ಚು ಕೆಲಸ ಸಾಗುತ್ತದೆ; ನಿಂತಲ್ಲಿಯೇ ಬಳೆ ತಿರುಗಿಸುವ ಸೋಮಾರಿತನಕ್ಕೆ ಬೀಳದಿದ್ದರೆ ಆಯಿತು. ನನ್ನ ವಾದ ಇಷ್ಟೇ: ‘ಎಷ್ಟು ಹಿಡಿಸುತ್ತದೆ’ ಎಂದು ಕೇಳಿ ಮಸೂರ ಕೊಳ್ಳಬೇಡಿ. ಎಲ್ಲಿ ನಿಲ್ಲುತ್ತೀರಿ, ಚಿತ್ರವನ್ನು ಯಾರು, ಎಷ್ಟು ದೂರದಿಂದ ನೋಡುತ್ತಾರೆ, ಎಂದು ಕೇಳಿ. ಅಂಗಡಿಗೆ ಹೋಗುವ ಮೊದಲು ಒಂದು ಅಳತೆಯ ಟೇಪು ಹಿಡಿದು ಕೋಣೆಯನ್ನು ಅಳೆದು ಬನ್ನಿ. ಆ ಟೇಪಿಗೆ ಕೊಟ್ಟ ಹಣದಷ್ಟು ಉಪಯೋಗ ಯಾವ ಮಸೂರದಿಂದಲೂ ಬಂದೀತೋ ಇಲ್ಲವೋ.

೨೦೨೪ರ ಬೇಸಗೆಯಲ್ಲಿ ಮನೆ ಕೆಡವಿದರು. ಕಂಬಗಳನ್ನು ಮೊದಲೇ ಬಿಚ್ಚಿ ಯಾರೋ ಕೊಂಡುಹೋಗಿದ್ದರು. ಆಲ್ಬಮುಗಳು ಐದೂ ಅಷ್ಟರಲ್ಲಿ ಸಿದ್ಧವಾಗಿದ್ದವು. ಅಕ್ಕ ಈಗ ಮೈಸೂರಿನಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ತನ್ನ ಆಲ್ಬಮನ್ನು ತೊಡೆಯ ಮೇಲೆ ತೆರೆದು, ಹಾಳೆಗೆ ಒಂದು ಅಡಿ ದೂರದಲ್ಲಿ ಕಣ್ಣಿಟ್ಟು, ಪಕ್ಕದಲ್ಲಿ ಕುಳಿತ ಮೊಮ್ಮಗಳಿಗೆ ಬೆರಳಿಟ್ಟು ತೋರಿಸಿದಳು: “ಇಲ್ಲಿ ನಾನು ಕೂರ್ತಿದ್ದೆ. ಅಪ್ಪ ಅಲ್ಲಿ. ಇಲ್ಲಿಂದ ಕೂಗಿದರೆ ಅಡಿಗೆಮನೆಗೂ ಕೇಳ್ತಿತ್ತು.”

“ಇಷ್ಟು ಪುಟ್ಟ ಮನೇಲಿ ಅಷ್ಟು ಜನ ಇದ್ದರಾ ಅಜ್ಜಿ?” ಎಂದಿತು ಮಗು.

“ಇದ್ವಲ್ಲ” ಎಂದಳು ಅಕ್ಕ.

ಮೊನ್ನೆ ಊರಿಗೆ ಹೋಗಿದ್ದೆ. ನಿವೇಶನದಲ್ಲಿ ಹೊಸ ತಳಪಾಯ ಎದ್ದಿದೆ. ನಾನು ಬೆನ್ನು ಹಚ್ಚಿ ನಿಂತಿದ್ದ ಗೋಡೆ ಎಲ್ಲಿತ್ತೆಂಬುದನ್ನು ಬಾವಿಯ ಕಟ್ಟೆಯಿಂದ ಹೆಜ್ಜೆ ಎಣಿಸಿ ಗುರುತಿಸಿದೆ. ಗಾಲಿಂಗ್ಸರಿಗೆ ಹಂಪೆಯ ಕಲ್ಲುಗಳು ಕಾದುಕೊಂಡಿದ್ದವು. ನಮ್ಮ ಮಣ್ಣಿನ ಗೋಡೆಗೆ ಆ ಆಯುಸ್ಸು ಎಲ್ಲಿಂದ ಬರಬೇಕು? ಕ್ಯಾಮರಾ ಚೀಲದಲ್ಲಿಯೇ ಇತ್ತು. ತೆಗೆಯಲಿಲ್ಲ. ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದು ಬಂದೆ.